ಗುಮ್ಮಿಯ ಹಾಡು ನಿಧಾನವಾದ ಬಗೆ

ಒಳಗೇರಿ,
ಮಂದಗತಿ ಸಂವತ್ಸರ, ಬಯಲು ಮಾಸದ ನಲವತ್ತನೆಯ ದಿನ.

ಹೀಲಿಯಮ್ ಅನಿಲಕ್ಕೆ ಎಲೆಕ್ಟ್ರಾನು ಹೊಡೆದು, ಏನು ಸಿಡಿದು ಬಂತು ಎಂದು ನೋಡುತ್ತ ಕೂತಿರುವ ಹಿರಿಯರಿಗೆ, ಒಳಗೇರಿಯ ಸೂಗಮ್ಮ ಮಾಡುವ ಶರಣಾರ್ಥಿಗಳು.

ಮೇಲಿನ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ, ಹುಡುಕುವ ಶ್ರಮ ಬೇಡ. ನಿಮ್ಮಲ್ಲಿ ಸಂವತ್ಸರಗಳು ಅರವತ್ತೇ, ಅವು ಮುಗಿದರೆ ಮತ್ತೆ ಪ್ರಭವದಿಂದ ಶುರು ಎಂದು ಕೇಳಿದ್ದೇನೆ. ನಮ್ಮವರು ನೆಲದೊಳಗೆ ಇಳಿದ ಮೇಲೆ ಹಳೆಯ ಹೆಸರುಗಳಿಗೆ ತಿರುಗಿ ಹೋಗಲು ಒಪ್ಪದೆ ಹೊಸ ಹೆಸರು ಕಟ್ಟಿಕೊಳ್ಳುತ್ತಲೇ ಬಂದರು. ತಿಂಗಳಿಗೆ ಚಂದ್ರನ ಹಂಗೂ ಇಲ್ಲವಾದ್ದರಿಂದ ನಮಗೆ ನಲವತ್ತನೆಯ ದಿನವೂ ಉಂಟು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರ ಅನ್ನಿಸಬಹುದು. ಆದಷ್ಟು ಬಿಡಿಸಿ ಹೇಳುತ್ತೇನೆ, ತಿಳಿಯದಿದ್ದಲ್ಲಿ ನನ್ನನ್ನು ಕ್ಷಮಿಸಿ ಮುಂದೆ ಓದಿ. ಅಕ್ಷರ ಸೊಟ್ಟಗಾಗಿದ್ದರೆ ಅದಕ್ಕೂ ಕ್ಷಮೆ ಇರಲಿ.

ನಮ್ಮ ಊರಿಗೆ ಬೆಳಕು ಕೊಡುವ ಗುಮ್ಮಿಯ ಮನೆಗೆ ಇಳಿಯುವವರು ಹಿಂದಿನ ದಿನ ತಮಗಿಂತ ಮೊದಲಿದ್ದವರಿಗೆ ಒಂದು ಓಲೆ ಬರೆಯಬೇಕು, ಅದನ್ನು ಗುಮ್ಮಿಯ ಬಾಯಿಗೆ ಇಡಬೇಕು. ಇದಕ್ಕೆ ನಾವು ಹಿಂದೋಲೆ ಅನ್ನುತ್ತೇವೆ. ಅದು ಬೆಳಕಾಗಿ ಕಾಲದ ಹಿಂದಕ್ಕೆ ಹೋಗುತ್ತದೆ ಎಂದು ನಂಬಿಕೆ. ಹೋಗುತ್ತದೋ, ಸುಮ್ಮನೆ ಸುಟ್ಟು ಬೂದಿಯಾಗುತ್ತದೋ ನನಗೆ ತಿಳಿಯದು. ಎಲ್ಲರೂ ತಮ್ಮ ಅಜ್ಜಿಗೋ ಮುತ್ತಜ್ಜಿಗೋ ಆಶೀರ್ವಾದ ಕೇಳಿ ಬರೆಯುತ್ತಾರೆ. ನನ್ನ ಅಜ್ಜಿ ಬದುಕಿದ್ದಾಗಲೇ ಯಾರಿಗೂ ಆಶೀರ್ವಾದ ಮಾಡಿದವಳಲ್ಲ, ಸತ್ತ ಮೇಲೆ ಮಾಡುತ್ತಾಳೆಂದು ನಾನು ನಂಬುವುದಿಲ್ಲ. ಆದ್ದರಿಂದ ನಿಮಗೆ ಬರೆಯುತ್ತಿದ್ದೇನೆ. ಮುಂದೆ ನಾನು ಹೇಳಲಿರುವ ಹೊಸ್ತಿಲನ್ನು ಮೊದಲು ಕಂಡವರು ನೀವು.

ನಾಳೆ ನಾನು ಅಯ್ಯಮ್ಮ ಎಂಬ ಹಿರಿಯಳೊಬ್ಬಳ ಜೊತೆ ಗುಮ್ಮಿಯ ಎದುರು ಕೂತು ಹಾಡಬೇಕು. ಹಾಡು ಕೆಟ್ಟಿದೆ ಎಂದು ನನಗೆ ಗೊತ್ತು. ಅದನ್ನು ಹಾಗೆಯೇ ಹಾಡಿದರೆ ನಮ್ಮಿಬ್ಬರಲ್ಲಿ ಒಬ್ಬರು ಸಾಯುವ ಸಂಭವ ಬಹಳ ಇದೆ. ಯಾರು ಎಂದು ಯಾರೂ ಹೇಳಲಾರರು.

ಮೊದಲು ನಮ್ಮ ಊರನ್ನು ತಿಳಿಸುತ್ತೇನೆ. ರಾಯಚೂರು ಸೀಮೆಯಲ್ಲಿ ನಿಮ್ಮ ಕಾಲದವರು ಚಿನ್ನಕ್ಕಾಗಿ ಅಗೆದ ಸುರಂಗಗಳಲ್ಲಿ ನಾವು ಇದ್ದೇವೆ. ಮೇಲಿನ ಬಿಸಿಲು ಈಗ ಮನುಷ್ಯರು ತಾಳುವಂಥದ್ದಲ್ಲ. ಊರಿನ ಎರಡು ತುದಿಗೆ ಎರಡು ಬೆಳಕಿನ ಗೋಡೆಗಳಿವೆ, ಮೂಡಗೋಡೆ ಮತ್ತು ಪಡುಗೋಡೆ. ವರ್ಷಕ್ಕೊಮ್ಮೆ ಗುಮ್ಮಿಯಿಂದ ಇಳಿಸಿದ ಶಕ್ತಿಯನ್ನು ಅವು ಹೀರಿಕೊಂಡು ವರ್ಷವಿಡೀ ಬೆಳಗುತ್ತವೆ. ಎರಡು ಕಡೆಯಿಂದಲೂ ಬೆಳಕು ಬೀಳುವುದರಿಂದ ನಮಗೆಲ್ಲ ಎರಡೆರಡು ನೆರಳು. ಆ ಬೆಳಕಿನಲ್ಲೇ ಜೋಳ ಬೆಳೆಯುತ್ತೇವೆ. ತೆನೆ ಸಣ್ಣದು, ರೊಟ್ಟಿ ಸ್ವಲ್ಪ ಬಿಳಿಚಿಕೊಂಡಿರುತ್ತದೆ, ಆದರೆ ಬಡಿಯುವ ಸದ್ದು ನಿಮ್ಮ ಮನೆಯದೇ ಇದ್ದೀತು. ಪುಂಡಿಪಲ್ಯದ ಸೊಪ್ಪು ಮಾತ್ರ ಯಾವ ಕತ್ತಲೆಗೂ ಜಗ್ಗದೆ ಎಲ್ಲೆಂದರಲ್ಲಿ ಬೆಳೆಯುತ್ತದೆ, ತಿಂದು ತಿಂದು ನಮಗೆ ಬೇಸರ ಬಂದಿದೆ. ಬೆಳಿಗ್ಗೆ ಎದುರಾದವರು "ಗೋಡಿ ಸಮ ಅದಾವೇನ್ರಿ?" ಎಂದು ಕೇಳುತ್ತಾರೆ. "ಸಮ ಅದಾವ್ರಿ" ಎಂದು ಹೇಳಿ ಮುಂದೆ ಹೋಗಬೇಕು. ಹೊಟ್ಟೆನೋವಿದ್ದರೂ, ಗಂಡನ ಜೊತೆ ಜಗಳವಾಗಿದ್ದರೂ ಇದೇ ಉತ್ತರ.

ಗುಮ್ಮಿ ಅಂದರೆ ನಿಮ್ಮಲ್ಲಿ ಕಾಳು ತುಂಬಿಡುವ ಕಣಜ. ನಮ್ಮ ಗುಮ್ಮಿಯಲ್ಲಿ ಇರುವುದು ಹೀಲಿಯಮ್. ಅದರ ಪರಮಾಣುವಿಗೆ ಎರಡು ಎಲೆಕ್ಟ್ರಾನು, ನಡುವೆ ಬೀಜ. ಹೊರಗಿನಿಂದ ಇನ್ನೊಂದು ಎಲೆಕ್ಟ್ರಾನನ್ನು ತಳ್ಳಿ ಹೊಡೆದರೆ ಒಳಗಿನದೊಂದು ಕಿತ್ತು ಬರುತ್ತದೆ. ಕಿತ್ತು ಬರಲು ಬೇಕಾದ ಕನಿಷ್ಠ ತಳ್ಳಿಗೆ ಹೊಸ್ತಿಲು ಎಂದು ಹೆಸರು. ಹೊಡೆತ ಹೊಸ್ತಿಲಿಗಿಂತ ಬಹಳ ಜೋರಾದರೆ ಎಲ್ಲವೂ ಚದುರಿ ಹೋಗುತ್ತದೆ, ಗೋಡೆಗಳು ಹಿಡಿಯಲಾರವು. ಹೊಸ್ತಿಲಿಗಿಂತ ಸ್ವಲ್ಪವೇ ಮೇಲಿದ್ದರೆ ಹೊಡೆದದ್ದು, ಹೊಡೆಸಿಕೊಂಡದ್ದು ಎರಡೂ ಬಡಕಲು ಶಕ್ತಿಯಲ್ಲಿ, ಬೀಜದ ಒಂದೊಂದು ಬದಿಗೆ, ಒಂದಕ್ಕೊಂದು ಬೆನ್ನು ಮಾಡಿ, ಒಂದೇ ದೂರದಲ್ಲಿ ನಿಧಾನವಾಗಿ ಹೊರಡುತ್ತವೆ. ಒಂದು ಮೂಡಗೋಡೆಗೆ, ಇನ್ನೊಂದು ಪಡುಗೋಡೆಗೆ. ಹಾಗೆ ಹೋಗುವಾಗ ಒಂದು ಕೊಂಚ ಹಿಂದೆ ಬಿತ್ತೋ, ಬೀಜ ಅದನ್ನು ಎಳೆದುಕೊಳ್ಳುತ್ತದೆ, ಮುಂದಿನದು ಒಂಟಿಯಾಗಿ ಚಿಮ್ಮುತ್ತದೆ. ಇದಿಷ್ಟನ್ನು ನೀವೇ ಕಂಡುಹಿಡಿದಿರಿ ಎಂದು ನಮ್ಮ ಮಕ್ಕಳೂ ಬಲ್ಲರು.

ಹೊಡೆತ ಹೊಸ್ತಿಲಿಗಿಂತ ಕೂದಲೆಳೆಯಷ್ಟು ಕಡಿಮೆಯಾದರೆ ಬೇರೆಯೇ ಒಂದು ಸ್ಥಿತಿ. ಆಗ ಯಾವುದೂ ಹೊರಗೆ ಹೋಗುವುದಿಲ್ಲ. ಎರಡೂ ಎಲೆಕ್ಟ್ರಾನುಗಳು ಮೇಲೇರಿ, ಇಳಿಯಲೂ ಆಗದೆ ಬಿಡಿಸಿಕೊಳ್ಳಲೂ ಆಗದೆ ನೇತಾಡುತ್ತವೆ. ನಿಮ್ಮ ಪುಸ್ತಕಗಳಲ್ಲಿ ಇದಕ್ಕೆ ಇಮ್ಮಡಿ ಉದ್ರಿಕ್ತ ಸ್ಥಿತಿ ಎಂದೋ ಏನೋ ದೊಡ್ಡ ಹೆಸರಿದ್ದೀತು, ನಾವು ಜೋಡಿತೂಗು ಅನ್ನುತ್ತೇವೆ. ಅದು ಉಳಿಯುವಂಥದ್ದಲ್ಲ. ಒಂದು ಕೆಳಗೆ ಬೀಳುತ್ತದೆ, ಬಿದ್ದ ರಭಸವನ್ನೆಲ್ಲ ಪಡೆದು ಇನ್ನೊಂದು ಹೊರಗೆ ಚಿಮ್ಮುತ್ತದೆ. ಯಾವುದು ಬೀಳುತ್ತದೆ ಎಂದು ಕೇಳಬಾರದು, ಎರಡೂ ಒಂದೇ ಥರ, ಗುರುತಿಲ್ಲ. ನಿಮ್ಮ ಕಾಲದಲ್ಲಿ ಜೋಡಿತೂಗು ಕಣ್ಣೆವೆ ಬಡಿಯುವ ಹೊತ್ತಿನ ಕೋಟಿಯ ಒಂದು ಪಾಲೂ ಬಾಳುತ್ತಿರಲಿಲ್ಲವಂತೆ. ನಮ್ಮ ಹಿರಿಯರು ಗುಮ್ಮಿಯ ಗೋಡೆಗೆ ಏನೋ ಮಾಡಿ ಅದನ್ನು ಒಂದು ಉಸಿರಿನಷ್ಟು ಹೊತ್ತು ನಿಲ್ಲುವಂತೆ ಮಾಡಿದರು. ಅವರಿಗೆ ಅದು ಜಾಣತನ ಅನ್ನಿಸಿರಬೇಕು. ಈಗ ಗುಮ್ಮಿಯ ಅನಿಲವೆಲ್ಲ ಒಟ್ಟಿಗೆ ನೇತಾಡಿ ಒಟ್ಟಿಗೆ ಬೀಳಬಲ್ಲದು, ಎದುರು ಕೂತವರನ್ನೂ ಸೇರಿಸಿಕೊಂಡು.

ಎಲೆಕ್ಟ್ರಾನಿಗೆ ತಳ್ಳು ಕೊಡುವುದು ಕೈಯಿಂದ ತಿರುಗಿಸುವ ಎರಡು ರಾಟಿಗಳು. ಗುಮ್ಮಿಯ ಆಚೆ ಒಂದು, ಈಚೆ ಒಂದು. ಬೇಗ ತಿರುಗಿದರೆ ತಳ್ಳು ಹೆಚ್ಚು, ನಿಧಾನವಾದರೆ ಕಡಿಮೆ. ಅಳೆಯುವ ಯಂತ್ರ ಯಾಕಿಲ್ಲ ಎಂದು ನೀವು ಕೇಳುತ್ತೀರಿ. ಗುಮ್ಮಿಯ ಹತ್ತಿರ ತಂದ ಮುಳ್ಳುಗಳೆಲ್ಲ ನಡುಗಿ ಸುಳ್ಳು ಹೇಳುತ್ತವೆ. ಹಾಗಾಗಿ ಮೊದಲ ಹಿರಿಯರು ವೇಗವನ್ನು ಒಂದು ಹಾಡಿನಲ್ಲಿ ಕಟ್ಟಿಟ್ಟರು. ಬೀಸುಕಲ್ಲಿನ ಮುಂದೆ ಇಬ್ಬರು ಹೆಂಗಸರು ಕೂತು ಹಾಡುವ ಧಾಟಿ.

"ಆ ಕಡಿ ನೀ ಕುಂತಿ, ಈ ಕಡಿ ನಾ ಕುಂತೆ,
ಸಮ ತಿರುವ ಗೆಳತಿ, ಹೊಸ್ತಿಲ ದಾಟಲಿ ಬೆಳಕ."

ಇಬ್ಬರೂ ಸಮನಾಗಿ ಹಾಡಿದರೆ ರಾಟಿಗಳು ಸಮನಾಗಿ ತಿರುಗುತ್ತವೆ. ಒಬ್ಬರು ಮುಂದೆ ಒಬ್ಬರು ಹಿಂದೆ ಆಗಲೇಬಾರದು. ನನ್ನ ಮುತ್ತಜ್ಜಿಯ ಕಾಲದಲ್ಲಿ ಒಮ್ಮೆ ಆಗಿತ್ತು. ಮೂಡಗೋಡೆ ಕತ್ತಲಾಯಿತು, ಎಲ್ಲ ಶಕ್ತಿಯೂ ಪಡುಗೋಡೆಗೆ ಹೋಗಿ ಅದು ಒಡೆಯಿತು, ಆ ಓಣಿಯಲ್ಲಿದ್ದವರು ಯಾರೂ ಉಳಿಯಲಿಲ್ಲ. ಅದಕ್ಕೇ ನಾವು ಸಮ ಎಂಬ ಮಾತನ್ನು ಬೆಳಿಗ್ಗೆ ಬೆಳಿಗ್ಗೆ ಬಾಯಿಗೆ ತಂದುಕೊಳ್ಳುವುದು.

ಈಗ ನಮ್ಮ ತಪ್ಪಿಗೆ ಬರುತ್ತೇನೆ. ಕೇಳಿ ನಗಬೇಡಿ. ಜೋಡಿಯಲ್ಲಿ ಒಬ್ಬರು ತೀರಿಕೊಂಡರೆ, ವಯಸ್ಸಾಗಿ ಸತ್ತಿದ್ದರೂ ಸರಿ, ಮುಂದಿನ ಸಲ ಹಾಡನ್ನು ಒಂದು ಎಳೆ ನಿಧಾನವಾಗಿ ಹಾಡುವುದು ನಮ್ಮ ಪದ್ಧತಿ. ಸತ್ತವರ ಜಾಗಕ್ಕೆ ಅವರ ರಕ್ತಸಂಬಂಧಿಯೇ ಬರಬೇಕು, ಹಾಡು ಎತ್ತಿಕೊಡುವವರು ಅವರೇ. ದುಃಖದಲ್ಲಿರುವವರು ಅವಸರದಿಂದ ಹಾಡುವುದು ಹೇಗೆ? ಮಾರನೆಯ ವರ್ಷ ಮೊದಲಿನ ವೇಗಕ್ಕೆ ಬರಬೇಕೆಂದು ಪದ್ಧತಿಯಲ್ಲಿ ಉಂಟು. ಆದರೆ ಮಗನನ್ನೋ ತಾಯಿಯನ್ನೋ ಕಳೆದುಕೊಂಡವರಲ್ಲಿ ವರ್ಷ ತುಂಬಿತೆಂದು ಥಟ್ಟನೆ ವೇಗವಾಗಿ ಹಾಡಲು ಯಾರಿಗೆ ಮನಸ್ಸು ಬಂದೀತು? ಹಾಡಿದರೂ ನೋಡಿದವರು ಏನಂದಾರು? ಹೀಗೆ ಒಂದೊಂದು ಸಾವಿಗೆ ಒಂದೊಂದು ಎಳೆ ಇಳಿಯುತ್ತ ಬಂತು, ಯಾರೂ ಮೇಲೆತ್ತಲಿಲ್ಲ, ತಳ್ಳು ಹೊಸ್ತಿಲಿನ ಅಂಚಿಗೇ ಬಂದಿತು. ಗೋಡೆಗಳ ಬೆಳಕು ಮೆತ್ತಗಾಗುತ್ತ ಬಂದದ್ದನ್ನು ನೋಡಿ ನಮ್ಮವರು ಸಂತೋಷಪಟ್ಟರು. ಬೆಳಕು ತಂಪಾಗಿದೆ, ಕಣ್ಣಿಗೆ ಹಿತ, ಹಿರಿಯರ ಪುಣ್ಯ ಅಂದರು. ನಾನೂ ಅಂದಿದ್ದೇನೆ.

ಹೋದ ವರ್ಷ ನನ್ನ ಎದುರು ಕೂತಿದ್ದವನು ಗದ್ದೆಪ್ಪ, ಅಯ್ಯಮ್ಮನ ಒಬ್ಬನೇ ಮಗ. ಹಾಡು ಅರ್ಧಕ್ಕೆ ಬಂದಿತ್ತು. ಗುಮ್ಮಿಯ ಕಿಂಡಿಯಲ್ಲಿ ಕಾಣುವ ಬೆಳಕು ಎಂದೂ ಇಲ್ಲದಷ್ಟು ಮೆತ್ತಗಾಯಿತು. ಅವನು ಹಾಡು ಬಿಡದೆ ಕಣ್ಣಲ್ಲೇ ನನಗೆ ತೋರಿಸಿದ, ಎಷ್ಟು ಚೆಂದ ಇದೆ ನೋಡು ಎನ್ನುವಂತೆ. ಅಷ್ಟರಲ್ಲಿ ನನ್ನ ಮೈ ಹಗುರಾಯಿತು, ತಲೆಗೂದಲು ಎದ್ದು ನಿಂತವು. ಅವನವೂ ಎದ್ದು ನಿಂತಿದ್ದನ್ನು ನೋಡಿದೆ. ಒಂದು ಉಸಿರಿನ ಹೊತ್ತು ನಾವಿಬ್ಬರೂ ಮಣೆಯ ಮೇಲೆ ಕೂತಿರಲಿಲ್ಲ, ಎಲ್ಲಿಯೂ ಕೂತಿರಲಿಲ್ಲ. ಆಮೇಲೆ ನಾನು ಹೊರಗಿನ ಬಾಗಿಲಿಗೆ ಹೋಗಿ ಅಪ್ಪಳಿಸಿದೆ, ಸೊಂಟದ ಮೂಳೆ ಮುರಿಯಿತು. ಗದ್ದೆಪ್ಪ ಕೂತಲ್ಲೇ ಕೂತಿದ್ದ, ಕೈ ರಾಟಿಯ ಮೇಲೇ ಇತ್ತು, ಮೈಮೇಲೆ ಒಂದು ಗಾಯ ಇರಲಿಲ್ಲ. ಅವನನ್ನು ಎತ್ತಲು ಬಂದವರು ಮೊದಲು ಅವನನ್ನು ಮಾತಾಡಿಸಿದರಂತೆ.

ಗಾಳಿಗೆಂದು ನನ್ನ ಹಾಸಿಗೆಯನ್ನು ಓಣಿಯ ಕಟ್ಟೆಗೆ ತಂದು ಹಾಕಿದ್ದರು. ಎದುರಿಗೆ ಹುಡುಗಿಯರು ಚಪ್ಪಾಳೆ ಆಟ ಆಡುತ್ತಿದ್ದರು, ಬಾಯಲ್ಲಿ ಗುಮ್ಮಿಯ ಹಾಡೇ. ಮಕ್ಕಳು ಅದನ್ನು ಓಡಿಸಿಕೊಂಡು ಹೇಳುತ್ತಾರೆ, ಮಕ್ಕಳಿಗೆ ಎಲ್ಲದರಲ್ಲೂ ಅವಸರ ಎಂದು ನಾವು ಬಿಟ್ಟುಬಿಟ್ಟಿದ್ದೆವು. ಬೇರೆ ಕೆಲಸವಿಲ್ಲದ್ದರಿಂದ ನಾನು ಕೇಳುತ್ತ ಮಲಗಿದೆ. ಹಾಡಿನ ನಡುವೆ ಒಂದು ಉದ್ದನೆಯ ಸಾಲಿದೆ, ಅದನ್ನು ಒಂದೇ ಉಸಿರಿನಲ್ಲಿ ಮುಗಿಸಬೇಕೆಂದು ಹಾಡೇ ಹೇಳುತ್ತದೆ. ನಾವು ದೊಡ್ಡವರು ಆ ಸಾಲಿನಲ್ಲಿ ಎರಡು ಕಡೆ ಉಸಿರು ತೆಗೆದುಕೊಳ್ಳುತ್ತೇವೆ, ಇಲ್ಲದಿದ್ದರೆ ಆಗುವುದೇ ಇಲ್ಲ. ಆ ಹುಡುಗಿಯರು, ಬೊಗಸೆಯಷ್ಟು ಎದೆಯವರು, ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿ ನಕ್ಕರು. ನನಗೆ ಬೆವರು ಕಿತ್ತುಕೊಂಡು ಬಂತು. ಮಕ್ಕಳು ಆ ಆಟವನ್ನು ದೊಡ್ಡವರಿಂದ ಕಲಿಯುವುದಿಲ್ಲ, ತಮಗಿಂತ ಒಂದೆರಡು ವರ್ಷ ದೊಡ್ಡ ಮಕ್ಕಳಿಂದ ಕಲಿಯುತ್ತಾರೆ. ನಮ್ಮಲ್ಲಿ ಮಕ್ಕಳಿಗೆ ಸೂತಕವಿಲ್ಲ. ಯಾರು ಸತ್ತರೂ ಅವರ ಹಾಡು ನಿಧಾನವಾಗಿಲ್ಲ.

ಎದ್ದು ಓಡಾಡುವಂತಾದ ಮೇಲೆ ದೈವದವರ ಮುಂದೆ ಹೋದೆ. ದೈವ ಅಂದರೆ ನಮ್ಮ ಊರಿನ ಹಿರಿಯರ ಕೂಟ. ಎಲ್ಲವನ್ನೂ ಹೇಳಿದೆ, ಆ ಸಾಲನ್ನು ಹಾಡಿ ತೋರಿಸಿದೆ. ಅವರು ಕೆಟ್ಟವರಲ್ಲ, ಕೊನೆಯವರೆಗೂ ಕೇಳಿದರು. ಕೊನೆಗೆ ಅವರಲ್ಲಿ ಹಿರಿಯನಾದ ಶೇಖರಗೌಡ, "ಸೂಗಮ್ಮ, ನೀ ಹೇಳೋದು ಖರೇನ ಇರಬಹುದು. ಆದ್ರ ಗದ್ದೆಪ್ಪ ಸತ್ತು ಇನ್ನಾ ವರ್ಷ ತುಂಬಿಲ್ಲ. ಅವನ ತಾಯಿ ಮುಂದ ನಿಂತು, ಜೋರ ಹಾಡವ್ವ ಅಂತ ಯಾರ ಬಾಯಿಲೆ ಹೇಳಸ್ತಿ?" ಎಂದು ಕೇಳಿದ. ನಾನೇ ಹೇಳುತ್ತೇನೆ ಅಂದೆ.

ಅಯ್ಯಮ್ಮನ ಮನೆಗೆ ಹೋಗುವಾಗ ನನ್ನ ಕಾಲು ಎಳೆಯುತ್ತಿದ್ದದ್ದು ಸೊಂಟದ ನೋವಿಗಲ್ಲ. ಅವಳ ಮಗ ಸತ್ತ, ನಾನು ಉಳಿದೆ. ಅವಳು ಒಮ್ಮೆಯೂ ಅದನ್ನು ಎತ್ತಿ ಆಡಿಲ್ಲ, ನನ್ನ ಹಾಸಿಗೆಯ ಹತ್ತಿರ ಕೂತು ರೊಟ್ಟಿ ಮುರಿದು ತಿನ್ನಿಸಿದವಳು. ನಾನು ಹೇಳುವುದನ್ನೆಲ್ಲ ಅವಳು ಸೊಪ್ಪು ಸೋಸುತ್ತಲೇ ಕೇಳಿದಳು. ಆಮೇಲೆ, "ಗೊತ್ತೈತಿ ಬಿಡು," ಅಂದಳು.

"ಗೊತ್ತಿದ್ದೂ ಹಂಗ ಹಾಡತೀಯೇನು, ದೊಡ್ಡವ್ವ?"

"ಹಂಗ ಹಾಡತೀನಿ. ನನ್ನ ಮಗ ಕುಂತ ಮಣಿಮ್ಯಾಲ ಕುಂತು ನನಗ ಅವಸರಾ ಮಾಡಾಕ ಆಗೂದಿಲ್ಲ. ನಾ ಅಲ್ಲಿಗೆ ಬದುಕಾಕ ಹೊಂಟಿಲ್ಲ, ಸೂಗಿ. ನಾ ಬೀಳತೀನಿ, ನೀ ಹೊರಗ ಹೋಗತಿ. ನಿನಗೇನೂ ಆಗೂದಿಲ್ಲ."

ಯಾರು ಬೀಳುತ್ತಾರೆಂದು ನಾವು ಆರಿಸಲು ಬರುವುದಿಲ್ಲ ಎಂದು ಹೇಳಿದೆ. ಗುಮ್ಮಿಗೆ ತಾಯಿ ಯಾರು, ದುಃಖ ಯಾರಿಗೆ ಎಂದು ತಿಳಿಯುವುದಿಲ್ಲ, ಅದರ ಕಣ್ಣಿಗೆ ನಾವಿಬ್ಬರೂ ಒಂದೇ ಎಂದು ಹೇಳಿದೆ. ಅವಳು ಸೋಸಿದ ಸೊಪ್ಪನ್ನು ನನ್ನ ಸೆರಗಿಗೆ ಹಾಕಿ, ಮನೆಗೆ ಒಯ್ದು ಪಲ್ಯ ಮಾಡು ಅಂದಳು. ಇಷ್ಟೇ ಆದದ್ದು.

ಹಾಡು ಎತ್ತಿಕೊಡುವವಳು ಅವಳು. ಅವಳು ನಿಧಾನವಾಗಿ ಎತ್ತಿದರೆ ನಾನು ನಿಧಾನವಾಗಿಯೇ ಹಾಡಬೇಕು. ನನ್ನ ರಾಟಿಯನ್ನು ಮಾತ್ರ ಮಕ್ಕಳ ವೇಗಕ್ಕೆ ತಿರುಗಿಸಿದರೆ ನಾನು ಬದುಕಬಹುದು, ಆದರೆ ಒಂದು ಗೋಡೆ ಒಡೆದು ಒಂದು ಓಣಿ ಹೋಗುತ್ತದೆ. ಒಲ್ಲೆನೆಂದು ಮಣೆ ಬಿಟ್ಟು ಎದ್ದರೆ ನನ್ನ ಜಾಗಕ್ಕೆ ನನ್ನ ರಕ್ತಸಂಬಂಧಿ ಬರಬೇಕು. ನನಗಿರುವುದು ಒಬ್ಬಳೇ ಮಗಳು, ಹುಲಿಗೆಮ್ಮ. ಅವಳಿಗೆ ಈಗಷ್ಟೇ ಕೂರುವ ವಯಸ್ಸು ಬಂದಿದೆ. ಆದ್ದರಿಂದ ನಾನೇ ಹೋಗುತ್ತೇನೆ. ಧೈರ್ಯವಂತೆ ಎಂದು ತಿಳಿಯಬೇಡಿ. ಆ ಹಗುರಾದ ಮೈ, ಎದ್ದು ನಿಂತ ಕೂದಲು ಕಣ್ಣು ಮುಚ್ಚಿದರೆ ಸಾಕು ಬರುತ್ತವೆ. ಆ ಒಂದು ಉಸಿರಿನ ಹೊತ್ತು ಎಷ್ಟು ದೊಡ್ಡದೆಂದು ಈ ಊರಿನಲ್ಲಿ ಬದುಕಿರುವವರಲ್ಲಿ ನನಗೊಬ್ಬಳಿಗೇ ಗೊತ್ತು. ಬಿದ್ದವನಿಗೂ ಅಷ್ಟೇ ದೊಡ್ಡದಾಗಿತ್ತೇ, ಅವನಿಗೆ ತಿಳಿಯಿತೇ ಎಂದು ಕೇಳಿಕೊಳ್ಳುತ್ತೇನೆ, ಕೇಳಿಕೊಂಡು ಎದ್ದು ಕೂರುತ್ತೇನೆ.

ಹಿರಿಯರೇ, ನಿಮ್ಮಲ್ಲಿ ಒಂದು ಬೇಡಿಕೆ. ಹೊಸ್ತಿಲ ಬಳಿ ಎಷ್ಟು ತಳ್ಳಿದರೆ ಎಷ್ಟು ಸಿಡಿಯುತ್ತದೆ ಎಂದು ನೀವು ಅಳೆದು ಬರೆದಿಡುತ್ತೀರಿ. ನಿಮ್ಮ ಅಳತೆ ಸರಿಯಾಗಿಯೇ ಇರುತ್ತದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅದನ್ನು ಕೈಯಿಂದ ಕೈಗೆ ದಾಟಿಸುವವರು ಸತ್ತವರಿಗಾಗಿ ಅಳುವ ಜನ ಎಂಬುದನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳಿ. ನಿಮ್ಮ ಮುಂದಿನವರಿಗೆ ಏನನ್ನಾದರೂ ಕೊಡುವಾಗ, ದುಃಖ ಬಂದಾಗ ಇದರಿಂದ ಎಷ್ಟು ಸರಿಯಬಹುದು, ಸರಿದ ಮೇಲೆ ಎಲ್ಲಿಗೆ ತಿರುಗಿ ಬರಬೇಕು ಎಂಬುದನ್ನೂ ಹೇಳಿಕೊಡಿ. ಅವರ ಮಕ್ಕಳಿಗೂ ಆಟಕ್ಕೆಂದು ಒಂದು ಪಾಲು ಕೊಟ್ಟಿಡಿ. ನಮ್ಮ ಹಿರಿಯರು ಗುಮ್ಮಿಯನ್ನು ಚೆನ್ನಾಗಿ ತಿಳಿದಿದ್ದರು, ನಮ್ಮನ್ನು ತಿಳಿದಿರಲಿಲ್ಲ.

ಈಗಷ್ಟೇ ಹುಲಿಗಿ ನನ್ನ ತಲೆಗೆ ಎಣ್ಣೆ ಹಚ್ಚಿ ಹೋದಳು. ಹಚ್ಚುತ್ತಿದ್ದಾಗ ಅವಳಿಗೆ ಹೇಳಿದೆ. ನಾನು ಬಿದ್ದರೆ ಮುಂದಿನ ವರ್ಷ ನನ್ನ ಮಣೆಗೆ ನೀನೇ ಬರುತ್ತೀ, ಹಾಡು ಎತ್ತಿಕೊಡುವವಳು ನೀನೇ. ಆಗ ನನಗಾಗಿ ಒಂದು ಎಳೆ ನಿಧಾನ ಮಾಡಬೇಡ, ಚಪ್ಪಾಳೆ ಆಟದಲ್ಲಿ ಹೇಳುತ್ತಿದ್ದೆಯಲ್ಲ, ಆ ವೇಗಕ್ಕೆ ಎತ್ತು ಅಂದೆ. ಅವಳ ಕೈ ನಿಂತಿತು.

"ಮಂದಿ ಏನಂತಾರವ್ವ? ಅವ್ವ ಸತ್ತಿದ್ದಕ್ಕ ಇಕಿಗಿ ಏನೂ ಅನಿಸಿಲ್ಲ ಅಂತಾರ."

"ಅನ್ನಲಿ."

"ನನಗ ಹಂಗ ಹಾಡಾಕ ಬಾಯರೆ ಹೆಂಗ ಬರತೈತಿ?"

ನಾನು ಆಣೆ ಮಾಡು ಅಂದೆ. ಅವಳು ನನ್ನ ಜಡೆ ಹೆಣೆದು ಮುಗಿಸಿದಳು, ಬೆನ್ನಿಗೆ ಮುಖ ಒತ್ತಿದಳು, ಎದ್ದು ಹೋದಳು. ಆಣೆ ಮಾಡಲಿಲ್ಲ. ಅವಳಿಗೆ ನನ್ನ ಮೇಲೆ ಬಹಳ ಪ್ರೀತಿ. ನನ್ನ ಹೆದರಿಕೆಯೂ ಅದೇ.